‘ಹಣ ವಾಪಸ್ ಇಲ್ಲ’ ಎಂದ ಮಾತ್ರಕ್ಕೆ ಮುಗಿಯಿತೇ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ನಮ್ಮಲ್ಲಿ ಆಗ ಮಕ್ಕಳ ಬೇಸಿಗೆ ರಜೆಯ ಕಾಲ. ಕಾಶ್ಮೀರಕ್ಕೆಂದು ಮುಂಚೆಯೇ ಬುಕ್ ಮಾಡಿಟ್ಟು, ಸ್ವೆಟರ್ ಖರೀದಿಸಿ ಕಾದಿದ್ದ ಕುಟುಂಬಗಳು ರಾಜ್ಯದ ಊರೂರಲ್ಲಿದ್ದವು. ಸುದ್ದಿ ಕೇಳಿದ ಮೇಲೆ ಹೋಗುವ ಮಾತೇ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಕಟ್ಟಿದ ದುಡ್ಡಿನ ಗತಿಯೇನು?

ಅದಕ್ಕೆ ಒಂದೇ ಉತ್ತರ ಸಿಗಲಿಲ್ಲ. ಸರ್ಕಾರ ಸೂಚಿಸಿದ ಮೇಲೆ ವಿಮಾನ ಸಂಸ್ಥೆಗಳು ಶ್ರೀನಗರದ ಟಿಕೆಟ್‌ಗಳಿಗೆ ಕೆಲ ದಿನಗಳ ಮಟ್ಟಿಗೆ ರದ್ದತಿ ಶುಲ್ಕ ಕೈಬಿಟ್ಟವು. ಏಪ್ರಿಲ್ ಕೊನೆಗೆ ಜಮ್ಮು–ಕಾಶ್ಮೀರದ ಆಡಳಿತ 87 ಪ್ರವಾಸಿ ತಾಣಗಳ ಪೈಕಿ 48ನ್ನು ಮುಚ್ಚಿತು. ಮೇ 7ರಿಂದ ಕೆಲ ದಿನ ಶ್ರೀನಗರದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಹಾರಾಟವೇ ನಿಂತಿತು. ವಿಮಾನದ ಹಣಕ್ಕೆ ಹೀಗೆ ಒಂದು ದಾರಿಯಾಯಿತು. ಹೋಟೆಲಿಗೆ, ಹೌಸ್‌ಬೋಟಿಗೆ, ಟ್ಯಾಕ್ಸಿಗೆ ‘ಹೀಗೆ ಮಾಡಿ’ ಎಂದು ಹೇಳುವ ನಿಯಂತ್ರಕ ಯಾರೂ ಇಲ್ಲ. ಅವರವರ ಷರತ್ತು ಅವರವರಿಗೆ.

ಆನ್‌ಲೈನ್‌ನಲ್ಲಿ ಪ್ರವಾಸ ಕಾಯ್ದಿರಿಸುವವರು ಮೊದಲು ಗಮನಿಸಬೇಕಾದ್ದು ಇದನ್ನೇ. ಮೊಬೈಲಿನಲ್ಲಿ ಒತ್ತುವ ಬಟನ್ ಒಂದೇ, ಕಡಿತವಾಗುವ ಹಣವೂ ಒಂದೇ ಮೊತ್ತ. ಅದರ ಹಿಂದೆ ಆಗುವ ಒಪ್ಪಂದಗಳು ಮಾತ್ರ ನಾಲ್ಕೈದು. ವಿಮಾನ ಸಂಸ್ಥೆಯ ಜೊತೆ ಒಂದು, ಹೋಟೆಲಿನ ಜೊತೆ ಒಂದು, ಮಧ್ಯವರ್ತಿ ಆ್ಯಪ್‌ನ ಜೊತೆ ಒಂದು, ವಿಮಾ ಕಂಪನಿಯ ಜೊತೆ ಮತ್ತೊಂದು. ರದ್ದು ಮಾಡುವಾಗ ಒಂದೊಂದಕ್ಕೂ ಬೇರೆ ಬೇರೆ ನಿಯಮ, ಬೇರೆ ಬೇರೆ ಗಡುವು. ‘ನಾವು ಬರೀ ವೇದಿಕೆ, ಹೋಟೆಲನ್ನು ಕೇಳಿ’ ಎನ್ನುತ್ತದೆ ಆ್ಯಪ್. ‘ಹಣ ನಮಗೆ ಬಂದಿಲ್ಲ, ಆ್ಯಪನ್ನು ಕೇಳಿ’ ಎನ್ನುತ್ತದೆ ಹೋಟೆಲ್. ಗ್ರಾಹಕರ ದುಡ್ಡು ಹೆಚ್ಚಾಗಿ ಕರಗುವುದು ಈ ಎರಡು ಮಾತುಗಳ ನಡುವೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ರದ್ದು ಮಾಡಿದ್ದು ಯಾರು ಎಂಬುದು. ಸೇವೆ ಕೊಡಬೇಕಾದವರೇ ಕೊಡಲಿಲ್ಲವೆಂದರೆ ಲೆಕ್ಕ ಸರಳ, ಪೂರ್ತಿ ಹಣ ವಾಪಸ್ ಬರಬೇಕು. ವಿಮಾನ ಸಂಸ್ಥೆ ಹಾರಾಟವನ್ನೇ ರದ್ದುಪಡಿಸಿದರೆ ಬದಲಿ ವಿಮಾನ ಬೇಕೇ, ಪೂರ್ಣ ಹಣ ಬೇಕೇ ಎಂದು ಆರಿಸಿಕೊಳ್ಳುವ ಹಕ್ಕು ಪ್ರಯಾಣಿಕನದು. ಸಕಾಲದಲ್ಲಿ ತಿಳಿಸದೆ ರದ್ದು ಮಾಡಿದರೆ, ಪ್ರಯಾಣದ ಅವಧಿ ನೋಡಿಕೊಂಡು 5,000, 7,500 ಅಥವಾ 10,000 ರೂಪಾಯಿವರೆಗೆ ಪರಿಹಾರವೂ ಉಂಟು. ಈ ಮಿತಿ ಮತ್ತು ಮೂಲ ದರ–ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಹವಾಮಾನ, ಗಲಭೆಯಂಥ ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಪರಿಹಾರ ಸಿಗದು, ಟಿಕೆಟ್ ಹಣ ಮಾತ್ರ ಸಿಗಲೇಬೇಕು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಗೊಳಿಸಿ ಬೆಂಗಳೂರು ಸೇರಿದಂತೆ ಹಲವು ನಿಲ್ದಾಣಗಳಲ್ಲಿ ಜನ ಲಗೇಜಿನ ರಾಶಿಯ ಮಧ್ಯೆ ಮಲಗುವಂತಾದಾಗ, ಬಾಕಿಯಿದ್ದ ಅಷ್ಟೂ ರೀಫಂಡನ್ನು ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಮುಗಿಸಿ ಎಂದು ವಿಮಾನಯಾನ ಸಚಿವಾಲಯ ಗಡುವು ಹಾಕಿತು. ಹಾಗೆ ಗಡುವು ಹಾಕಬಲ್ಲ ಒಂದು ಕೈ ಮೇಲಿತ್ತು.

ಈಗ ಅದೇ ವಾರ ಗೋವಾದಲ್ಲೋ ಜೈಪುರದಲ್ಲೋ ಹೋಟೆಲ್ ಬುಕ್ ಮಾಡಿಟ್ಟಿದ್ದವರನ್ನು ನೆನೆಯಿರಿ. ವಿಮಾನದ ಹಣ ಮರಳಿತು. ಹೋಟೆಲ್ ಕೋಣೆ ಅಲ್ಲೇ ತೆರೆದಿತ್ತು, ಹೋಗಲಾಗದಿದ್ದುದು ಇವರಿಗೆ. ಹೋಟೆಲ್ ತಪ್ಪು ಮಾಡಿಲ್ಲ, ಪ್ರವಾಸಿಯೂ ಮಾಡಿಲ್ಲ. ದುಡ್ಡು ಮಾತ್ರ ಪ್ರವಾಸಿಯದು ಹೋಯಿತು. ಯುರೋಪಿನಲ್ಲಿ ಇದಕ್ಕೆ ಪ್ರತ್ಯೇಕ ಕಾನೂನಿದೆ. ಅಲ್ಲಿನ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ ವಿಮಾನ ಮತ್ತು ವಸತಿಯನ್ನು ಒಟ್ಟಿಗೆ ಮಾರಿದವರೇ ಇಡೀ ಪ್ರವಾಸಕ್ಕೆ ಹೊಣೆ. ಹೋಗಬೇಕಾದ ಜಾಗದಲ್ಲಿ ತಪ್ಪಿಸಲಾಗದ, ಅಸಾಧಾರಣ ಸ್ಥಿತಿ ಉಂಟಾಗಿ ಪ್ರವಾಸಕ್ಕೇ ಅಡ್ಡಿಯಾದರೆ ಗ್ರಾಹಕ ಶುಲ್ಕವಿಲ್ಲದೆ ರದ್ದು ಮಾಡಬಹುದು. 14 ದಿನದೊಳಗೆ ಹಣ ಕೈಸೇರಬೇಕು. ಬ್ರಿಟನ್ನಿನಲ್ಲಿ 2018ರ ಜುಲೈ 1ರಿಂದ ಇದೇ ಬಗೆಯ ನಿಯಮಗಳಿವೆ; ಲಂಡನ್ನಿನಿಂದಲೋ ಮ್ಯಾಂಚೆಸ್ಟರಿನಿಂದಲೋ ಪ್ಯಾಕೇಜ್ ಕೊಳ್ಳುವ ಕನ್ನಡಿಗರಿಗೆ ಆ ರಕ್ಷಣೆ ಸಿಗುತ್ತದೆ. ಭಾರತದಲ್ಲಿ ಪ್ಯಾಕೇಜ್ ಪ್ರವಾಸಕ್ಕೆಂದೇ ಮಾಡಿದ ಕಾಯ್ದೆ ಇಲ್ಲ. ಇಷ್ಟು ಜನ ಪ್ರವಾಸ ಹೋಗುವ, ಇಷ್ಟೊಂದು ಆ್ಯಪ್‌ಗಳು ಪ್ರವಾಸ ಮಾರುವ ದೇಶದಲ್ಲಿ ಇದು ದೊಡ್ಡ ಕೊರತೆ. ಇದನ್ನು ತುಂಬಬೇಕಾದ್ದು ಸಂಸತ್ತು. ಆ ತನಕ ಇರುವ ಕಾನೂನುಗಳನ್ನೇ ಗಟ್ಟಿಯಾಗಿ ಹಿಡಿಯಬೇಕು; ಅವು ಜನ ಅಂದುಕೊಂಡಷ್ಟು ಬಡವಾಗಿಯೂ ಇಲ್ಲ.

ಮನಸ್ಸು ಬದಲಾಯಿತೆಂದು, ಮಗಳ ಪರೀಕ್ಷೆ ಮುಂದಕ್ಕೆ ಹೋಯಿತೆಂದು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರೆಂದು ನಾವೇ ರದ್ದು ಮಾಡುವ ಸಂದರ್ಭ ಬೇರೆ. ಇಲ್ಲಿ ಒಂದು ತಪ್ಪು ನಂಬಿಕೆ ಚಾಲ್ತಿಯಲ್ಲಿದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೆಲ ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು ಎಂದು ಹಲವರು ತಿಳಿದಿದ್ದಾರೆ. ಬಟ್ಟೆಬರೆಗೆ ಅಂಗಡಿಗಳು ತಾವಾಗಿ ಕೊಡುವ ಸೌಲಭ್ಯ ಅದು. ನಿಗದಿತ ದಿನದ ಹೋಟೆಲ್ ಕೋಣೆಗೆ ಅಂಥ ಹಕ್ಕು ನಮ್ಮಲ್ಲಿಲ್ಲ. ಆನ್‌ಲೈನ್ ಖರೀದಿಗೆ 14 ದಿನದ ಹಿಂತೆಗೆತದ ಹಕ್ಕು ಕೊಟ್ಟ ಯುರೋಪ್ ಕೂಡ ದಿನಾಂಕ ಗೊತ್ತುಪಡಿಸಿದ ವಸತಿ, ಪ್ರಯಾಣಗಳನ್ನು ಅದರಿಂದ ಹೊರಗಿಟ್ಟಿದೆ. ಕಾರಣ ನ್ಯಾಯವಾದದ್ದೇ. ಶನಿವಾರ ರಾತ್ರಿ ಖಾಲಿ ಉಳಿದ ಕೋಣೆಯನ್ನು ಭಾನುವಾರ ಮಾರಲಾಗದು.

ಹಾಗೆಂದು ಹೋದ ದುಡ್ಡೆಲ್ಲ ಹೋಯಿತು ಎಂದೂ ಅರ್ಥವಲ್ಲ. ನಮ್ಮ 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಇಲ್ಲಿ ನೆರವಿಗೆ ಬರುತ್ತದೆ. ಒಪ್ಪಂದ ಮುರಿದವರು ಇಷ್ಟು ಕೊಡಬೇಕು ಎಂದು ಬರೆದಿದ್ದರೂ, ಆ ಮೊತ್ತ ಗರಿಷ್ಠ ಮಿತಿ ಮಾತ್ರ. ಎದುರಿನವರಿಗೆ ಸಲ್ಲಬೇಕಾದ್ದು ಅದರೊಳಗಿನ ನ್ಯಾಯಯುತ ಪರಿಹಾರ ಎನ್ನುತ್ತದೆ ಅದು. ಫತೇಚಂದ್ ಪ್ರಕರಣದಲ್ಲಿ 1963ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ವಿವರಿಸಿದೆ. 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ತೀರ್ಪು ಇನ್ನಷ್ಟು ನೇರ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹರಾಜಿನಲ್ಲಿ ನಿವೇಶನ ಹಿಡಿದವರ 78 ಲಕ್ಷ ರೂಪಾಯಿ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು ಆಮೇಲೆ ಬಹಳ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗಿಲ್ಲದ ಮೇಲೆ ಪರಿಹಾರ ಯಾವುದಕ್ಕೆ ಎಂದು ಕೇಳಿದ ಕೋರ್ಟ್ ಮುಂಗಡವನ್ನು ಮರಳಿಸುವಂತೆ ಆದೇಶಿಸಿತು.

ನಿವೇಶನದ ಈ ಮಾತನ್ನು ಹೋಮ್‌ಸ್ಟೇ ಕೋಣೆಗೆ ಹೊಂದಿಸಿ ನೋಡೋಣ. ಸಕಲೇಶಪುರದ ಕಡೆ ದಸರಾ ರಜೆಗೆಂದು ಎರಡು ರಾತ್ರಿಗೆ 16,000 ರೂಪಾಯಿ ಕಟ್ಟಿದ್ದೀರಿ, ‘ನಾನ್ ರೀಫಂಡಬಲ್’ ಎಂದು ಬರೆದಿದೆ ಎನ್ನಿ. ಹೊರಡಲು 20 ದಿನ ಇರುವಾಗ ರದ್ದು ಮಾಡಿದಿರಿ. ದಸರಾ ಸಮಯದಲ್ಲಿ ಆ ಕೋಣೆ ಮತ್ತೊಬ್ಬರಿಗೆ ಹೋಗದೇ ಇರುವುದು ಕಡಿಮೆ, ಹೋಗುವುದು ಅದಕ್ಕಿಂತ ಹೆಚ್ಚಿನ ಬೆಲೆಗೇ ಇರಬಹುದು. ಹೀಗಿರುವಾಗ ಅಷ್ಟೂ 16,000 ಇಟ್ಟುಕೊಳ್ಳುವುದು ಪರಿಹಾರವಾಗದು, ದಂಡವಾಗುತ್ತದೆ. ಅದೇ ನೀವು ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಬರುವುದಿಲ್ಲ ಎಂದರೆ? ಮಾಲೀಕರು ಕೋಳಿ, ತರಕಾರಿ ತರಿಸಿಟ್ಟಿರುತ್ತಾರೆ, ಅಡುಗೆಯವರಿಗೆ, ಕೆಲಸದವರಿಗೆ ಬರಹೇಳಿರುತ್ತಾರೆ, ಬೇರೆಯವರು ಕೇಳಿದಾಗ ಕೋಣೆಯಿಲ್ಲ ಎಂದು ವಾಪಸ್ ಕಳಿಸಿರುತ್ತಾರೆ. ಆ ನಷ್ಟ ನಿಜವಾದದ್ದು, ಅದನ್ನು ನಾವು ಭರಿಸಬೇಕು. ಮಲೆನಾಡಿನ ಎಷ್ಟೋ ಹೋಮ್‌ಸ್ಟೇಗಳು ಮೂರೋ ನಾಲ್ಕೋ ಕೋಣೆಯ ಮನೆಗಳು. ಕಾಫಿಗೆ ಬೆಲೆ ಬಿದ್ದ ವರ್ಷ ಆ ಕೋಣೆಗಳೇ ಸಂಸಾರ ನಡೆಸಿವೆ. ಗ್ರಾಹಕರ ಹಕ್ಕು ಎಂದರೆ ಅವರ ಹೊಟ್ಟೆಯ ಮೇಲೆ ಹೊಡೆಯುವುದಾಗಬಾರದು. ಇಟ್ಟುಕೊಳ್ಳುವ ಹಣ ಆದ ನಷ್ಟಕ್ಕೆ ತಕ್ಕಂತಿರಲಿ ಎಂಬ ಅಳತೆ ಎರಡೂ ಕಡೆಗೆ ನ್ಯಾಯ ಕೊಡುತ್ತದೆ. ನಾನು ಈ ಕಾನೂನನ್ನು ಮೆಚ್ಚುವುದು ಅದಕ್ಕಾಗಿಯೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೇ ಅಳತೆಯನ್ನು ಗ್ರಾಹಕರ ಕೈಗೆ ಇನ್ನೂ ಹತ್ತಿರ ತಂದಿತು. ಆದ ನಷ್ಟಕ್ಕೆ ಯಾವ ಹೊಂದಿಕೆಯೂ ಇಲ್ಲದ ದಂಡ ಹಾಕುವ ಒಪ್ಪಂದವನ್ನು ಅದರ 2(46)ನೇ ಸೆಕ್ಷನ್ ‘ಅನುಚಿತ ಒಪ್ಪಂದ’ ಎಂದು ಕರೆಯುತ್ತದೆ. ಆನ್‌ಲೈನ್‌ನಲ್ಲಿ ಸೇವೆ ಪಡೆದವರೂ ಗ್ರಾಹಕರೇ ಎಂದು ಅದೇ ಕಾಯ್ದೆ ಬಿಡಿಸಿ ಹೇಳಿದೆ. ಒಂದು ಸೂಕ್ಷ್ಮವಿದೆ. ಅನುಚಿತ ಷರತ್ತನ್ನು ಅಸಿಂಧು ಎಂದು ಘೋಷಿಸುವ ಅಧಿಕಾರ ಕಾಯ್ದೆ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಗ್ರಾಹಕ ಆಯೋಗಗಳಿಗೆ, ಜಿಲ್ಲಾ ಆಯೋಗಕ್ಕಲ್ಲ. ಹತ್ತು–ಇಪ್ಪತ್ತು ಸಾವಿರದ ವ್ಯಾಜ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಸೇವೆಯಲ್ಲಿ ಲೋಪ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದು ದೂರು ಬರೆದು ಜಿಲ್ಲಾ ಆಯೋಗದಲ್ಲೇ ಹಣ ಕೇಳಬಹುದು.

ನಮ್ಮ ಕೈಯಲ್ಲೂ ಇಲ್ಲದ, ಅವರ ಕೈಯಲ್ಲೂ ಇಲ್ಲದ ಕಾರಣಗಳ ಮಾತು ಇನ್ನೂ ಜಟಿಲ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಹಳ್ಳಿಗಳೇ ಕೊಚ್ಚಿಹೋದವು. ಅದೇ ತಿಂಗಳು ಶಿರಾಡಿ ಘಾಟಿಯಲ್ಲೂ ಮಣ್ಣು ಕುಸಿದು ಮಂಗಳೂರಿನ ರಸ್ತೆ ಬಂದಾಯಿತು. ಇಂಥ ಹೊತ್ತಿನಲ್ಲಿ ಒಪ್ಪಂದ ಕಾಯ್ದೆಯ 56 ಮತ್ತು 65ನೇ ಸೆಕ್ಷನ್‌ಗಳನ್ನು ಜೊತೆಗಿಟ್ಟು ಓದಬೇಕು. ಮಾಡಲು ಅಸಾಧ್ಯವಾದ ಒಪ್ಪಂದ ಶೂನ್ಯವಾಗುತ್ತದೆ. ಶೂನ್ಯವಾದ ಒಪ್ಪಂದದಡಿ ಪಡೆದ ಲಾಭವನ್ನು ಪಡೆದವರು ಹಿಂದಿರುಗಿಸಬೇಕು. ಜಿಲ್ಲಾಡಳಿತವೇ ಪ್ರವಾಸಿಗರ ಪ್ರವೇಶ ನಿಷೇಧಿಸಿದ್ದರೆ ವಾದ ಗಟ್ಟಿ. ಹೋಟೆಲ್ ತೆರೆದಿದೆ, ಆದರೆ ನೋಡಲು ಹೊರಟ ತಾಣಗಳೆಲ್ಲ ಮುಚ್ಚಿವೆ ಎಂದಾದರೆ? 1954ರ ಸತ್ಯಬ್ರತ ಘೋಷ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಸಾಧ್ಯ ಎಂದರೆ ಅಕ್ಷರಶಃ ಅಸಾಧ್ಯವೇ ಆಗಬೇಕಿಲ್ಲ, ಒಪ್ಪಂದದ ಉದ್ದೇಶದ ದೃಷ್ಟಿಯಿಂದ ಅದು ನಿರುಪಯುಕ್ತವಾದರೂ ಸಾಕು ಎಂದಿತು. ಪ್ರವಾಸಿಯ ಪರ ವಾದಿಸಲು ಇದು ಒಳ್ಳೆಯ ಆಧಾರ. ‘ಭಯವಾಯಿತು, ಅದಕ್ಕೆ ಹೋಗಲಿಲ್ಲ’ ಎಂಬುದಷ್ಟೇ ಕಾರಣವಾದರೆ ಅದು ನಿಲ್ಲುವುದು ಕಷ್ಟ. ಹಾಗಾಗಿ ಆ ದಿನಗಳ ಸರ್ಕಾರಿ ಆದೇಶ, ಜಿಲ್ಲಾಡಳಿತದ ಪ್ರಕಟಣೆ, ಪತ್ರಿಕಾ ವರದಿಗಳನ್ನು ಅಂದೇ ತೆಗೆದಿಟ್ಟುಕೊಳ್ಳುವುದು ಮುಖ್ಯ.

ವಿಮಾನದ ಟಿಕೆಟ್ ವಿಷಯದಲ್ಲಿ ನಮ್ಮವರು ಕೇಳದೇ ಬಿಡುವ ಹಣ ಬಹಳ. ಅಗ್ಗದ ದರದ ಟಿಕೆಟ್ ಕೊಂಡು, ರದ್ದು ಮಾಡಿದರೆ ಏನೂ ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ರದ್ದತಿ ಶುಲ್ಕ ಎಷ್ಟೇ ಇರಲಿ, ಅದು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕಟ್ಟುಮಾಡಿದೆ. ಟಿಕೆಟ್ಟಿನಲ್ಲಿ ಸೇರಿದ ನಿಲ್ದಾಣದ ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕಗಳು ವಿಮಾನ ಹತ್ತಿದವರಿಗಷ್ಟೇ ಲೆಕ್ಕ. ನೀವು ಹತ್ತಲೇ ಇಲ್ಲವೆಂದರೆ, ರದ್ದು ಮಾಡಲು ಮರೆತು ವಿಮಾನ ತಪ್ಪಿಸಿಕೊಂಡಿದ್ದರೂ, ಆಫರ್ ದರದ ಟಿಕೆಟ್ ಆಗಿದ್ದರೂ ಅವನ್ನು ಹಿಂದಿರುಗಿಸಬೇಕು. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಅಲ್ಲೇ ಉಳಿಯುತ್ತದೆ. ನಾಲ್ಕು ಜನರ ಹೋಗಿಬರುವ ಟಿಕೆಟ್‌ಗೆ ಇದು ಕೆಲ ಸಾವಿರವೇ ಆದೀತು. ರೀಫಂಡ್ ಮಾಡಲು ಬೇರೆ ಶುಲ್ಕ ಹಾಕುವಂತಿಲ್ಲ. ಹಣದ ಬದಲು ಮುಂದಿನ ಪ್ರಯಾಣಕ್ಕೆ ‘ಕ್ರೆಡಿಟ್’ ಇಟ್ಟುಕೊಳ್ಳಿ ಎಂದರೆ ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ಏಳು ದಿನಕ್ಕಿಂತ ಮುಂಚಿತವಾಗಿ ಬುಕ್ ಮಾಡಿದವರು 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಮಾಡುವ ಅವಕಾಶ ಈ ನಿಯಮಗಳಲ್ಲಿತ್ತು. ಅದನ್ನು 48 ಗಂಟೆಗೆ ಹಿಗ್ಗಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಹೊರಡಿಸಿತು. ಇನ್ನೊಂದು ಮಾತು: ಟಿಕೆಟ್ಟನ್ನು ಆ್ಯಪ್ ಅಥವಾ ಏಜೆಂಟರ ಮೂಲಕ ಕೊಂಡಿದ್ದರೂ ರೀಫಂಡಿನ ಹೊಣೆ ವಿಮಾನ ಸಂಸ್ಥೆಯದೇ, ಏಕೆಂದರೆ ಏಜೆಂಟ್ ಅದು ನೇಮಿಸಿದ ಪ್ರತಿನಿಧಿ. ‘ನಿಮ್ಮ ಏಜೆಂಟರನ್ನು ಕೇಳಿ’ ಎಂಬ ಉತ್ತರ ಬಂದಾಗ ಈ ನಿಯಮವನ್ನು ಉಲ್ಲೇಖಿಸಿ ಮೇಲ್ ಬರೆಯಿರಿ.

ರೈಲಿನ ಮಾತು ಚಿಕ್ಕದು. ರೈಲೇ ರದ್ದಾದರೆ ಇ–ಟಿಕೆಟ್ಟಿನ ದರ ತಾನಾಗಿ ಖಾತೆಗೆ ಬರುತ್ತದೆ. ರೈಲು ಮೂರು ಗಂಟೆಗಿಂತ ತಡವಾಗಿ, ನೀವು ಪ್ರಯಾಣ ಮಾಡದೆ ಬಿಟ್ಟರೆ, ಅದು ನಿಮ್ಮ ನಿಲ್ದಾಣದಿಂದ ಹೊರಡುವ ಮುನ್ನ ಟಿಡಿಆರ್ (ಟಿಕೆಟ್ ಡೆಪಾಸಿಟ್ ರಿಸೀಟ್) ಸಲ್ಲಿಸಿ ಪೂರ್ಣ ದರ ಕೇಳಬಹುದು.

ಏಜೆಂಟರ ಬಳಿ ಸಿಕ್ಕಿಬಿದ್ದ ಹಣದ ಅತಿ ದೊಡ್ಡ ಕಥೆ ಲಾಕ್‌ಡೌನ್ ಕಾಲದ್ದು. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ವರ್ಷ ಮಾರ್ಚ್ 25ರಿಂದ ಮೇ 24ರವರೆಗಿನ ಲಾಕ್‌ಡೌನಿನಲ್ಲಿ ಬುಕ್ ಮಾಡಿ, ಅದೇ ಅವಧಿಯಲ್ಲಿ ಹಾರಬೇಕಿದ್ದವರಿಗೆ ಶುಲ್ಕ ಕಡಿಯದೆ ಪೂರ್ತಿ ಹಣ ಕೊಡಬೇಕು, ಏಜೆಂಟರಿಗೆ ಬಂದ ರೀಫಂಡ್ ಕೂಡಲೇ ಪ್ರಯಾಣಿಕರಿಗೆ ತಲುಪಬೇಕು ಎಂಬುದು ಅದರ ಸಾರ. ತಲುಪಿತೇ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಾನಾಗಿ ವಿಚಾರಣೆಗೆ ಕೈಹಾಕಿದಾಗ, ಯಾತ್ರಾ ಎಂಬ ಒಂದೇ ಜಾಲತಾಣದಲ್ಲಿ 2021ರಲ್ಲಿ 36,276 ಬುಕಿಂಗ್‌ಗಳ 26 ಕೋಟಿಗೂ ಮಿಕ್ಕಿದ ಹಣ ಬಾಕಿಯಿತ್ತು. ಮೇಲಿಂದ ಮೇಲೆ ವಿಚಾರಣೆ ನಡೆಸಿದ ಮೇಲೂ 2024ರ ಜೂನ್‌ನಲ್ಲಿ 4,837 ಬುಕಿಂಗ್‌ಗಳ ಎರಡೂವರೆ ಕೋಟಿ ಉಳಿದಿತ್ತು. ಆ ತಿಂಗಳು 27ರಂದು ಪ್ರಾಧಿಕಾರ ಆ ಹಣವನ್ನೂ ಕೊಡುವಂತೆ ಆದೇಶಿಸಿತು; ಉಳಿದ ಪ್ರಯಾಣಿಕರಿಗೆ ಒಬ್ಬೊಬ್ಬರಿಗೂ ಕರೆ ಮಾಡಿ ತಿಳಿಸಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಐದು ಜನರನ್ನು ಪ್ರತ್ಯೇಕವಾಗಿ ಕೂರಿಸಬೇಕು, ಅದರ ಖರ್ಚನ್ನು ಕಂಪನಿಯೇ ಕೊಡಬೇಕು ಎಂದಿತು. ತೀರ್ಪು ಬಂದು ನಾಲ್ಕು ವರ್ಷವಾಗುತ್ತ ಬಂದರೂ ಜನರ ದುಡ್ಡು ಜನರಿಗೆ ಸೇರಿರಲಿಲ್ಲ ಎಂಬುದನ್ನು ನೆನೆದಾಗ ಸಿಟ್ಟು ಬರುತ್ತದೆ. ಇನ್ನು ಕೆಲವು ದೊಡ್ಡ ಜಾಲತಾಣಗಳು ಅಷ್ಟರೊಳಗೆ ಪೂರ್ತಿ ಹಣ ತೀರಿಸಿದ್ದವು ಎಂಬುದನ್ನೂ ಹೇಳಬೇಕು, ಮನಸ್ಸಿದ್ದರೆ ಸಾಧ್ಯವಿತ್ತು.

ಬುಕ್ ಮಾಡುವ ಪರದೆಯ ಮೇಲೆಯೇ ಎಷ್ಟೋ ಹಕ್ಕುಗಳು ಸೋರಿಹೋಗುತ್ತವೆ. ‘ಇನ್ನು ಒಂದೇ ಕೋಣೆ ಬಾಕಿ, 14 ಜನ ನೋಡುತ್ತಿದ್ದಾರೆ’ ಎಂದು ಕೆಂಪಕ್ಷರದಲ್ಲಿ ಮಿನುಗುತ್ತದೆ. ಮೊದಲು ಕಂಡ ಬೆಲೆಗೆ ಕೊನೆಯ ಹೆಜ್ಜೆಯಲ್ಲಿ ಕನ್ವೀನಿಯನ್ಸ್ ಫೀ, ಸರ್ವಿಸ್ ಚಾರ್ಜ್ ಸೇರಿಕೊಳ್ಳುತ್ತವೆ. ವಿಮೆಯ ಪೆಟ್ಟಿಗೆಯಲ್ಲಿ ನಾವು ಹಾಕದ ಟಿಕ್ ಆಗಲೇ ಬಿದ್ದಿರುತ್ತದೆ. ಅದನ್ನು ತೆಗೆಯ ಹೋದರೆ ‘ಬೇಡ, ನನ್ನ ಪ್ರಯಾಣ ಅಸುರಕ್ಷಿತವಾಗಿರಲಿ’ ಎಂಬರ್ಥದ ಸಾಲನ್ನು ಒತ್ತಬೇಕು. ಇವೆಲ್ಲ ಈಗ ನಿಷಿದ್ಧ. 2023ರ ನವೆಂಬರ್ 30ರಂದು ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಪಟ್ಟಿ ಮಾಡಿದೆ. ಮೊದಲೇ ಟಿಕ್ ಹಾಕಿಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 2020ರ ಇ–ಕಾಮರ್ಸ್ ನಿಯಮಗಳೂ ಹೇಳುತ್ತವೆ. ಅದೇ ನಿಯಮಗಳಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಮಾತಿದೆ. ತಾನಾಗಿ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಕೊಡದ ಇ–ಕಾಮರ್ಸ್ ಸಂಸ್ಥೆ ಗ್ರಾಹಕರಿಂದಲೂ ರದ್ದತಿ ಶುಲ್ಕ ವಸೂಲು ಮಾಡುವಂತಿಲ್ಲ. ನಿಮ್ಮ ಆ್ಯಪ್‌ನ ಷರತ್ತುಗಳಲ್ಲಿ ಈ ಸಮಾನತೆ ಇದೆಯೇ ಎಂದು ಹುಡುಕಿ ನೋಡಿ.

‘ಫ್ರೀ ಕ್ಯಾನ್ಸಲೇಶನ್’ ಎಂಬ ಹಸಿರು ಅಕ್ಷರಕ್ಕೂ ಗಡುವಿರುತ್ತದೆ. ಯಾವ ದಿನ, ಎಷ್ಟು ಗಂಟೆಯವರೆಗೆ ಎಂಬುದನ್ನು ಓದಿ, ವಿದೇಶದ ಹೋಟೆಲಾದರೆ ಯಾವ ದೇಶದ ಗಂಟೆ ಎಂಬುದನ್ನೂ ನೋಡಿ, ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಷರತ್ತಿನ ಪುಟ ಆಮೇಲೆ ಬದಲಾಗಬಹುದು, ನಿಮ್ಮ ಚಿತ್ರ ಬದಲಾಗದು. ಪ್ರಯಾಣ ವಿಮೆ ಎಲ್ಲ ಕಾರಣಕ್ಕೂ ಹಣ ಕೊಡುವುದಿಲ್ಲ. ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಿಗೆ, ಅಂದರೆ ಆಸ್ಪತ್ರೆ ಸೇರುವುದು, ಹತ್ತಿರದವರ ಸಾವು ಮುಂತಾದವಕ್ಕೆ ಮಾತ್ರ. ರದ್ದತಿ ಶುಲ್ಕದ ಮೇಲೆ ಜಿಎಸ್‌ಟಿ ಹಾಕಿದ್ದಾರೆಂದು ಕೆಲವರು ಜಗಳವಾಡುತ್ತಾರೆ. ಮೂಲ ಸೇವೆಗಿರುವ ದರದಲ್ಲೇ ರದ್ದತಿ ಶುಲ್ಕಕ್ಕೂ ತೆರಿಗೆ ಎಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳಿದೆ, ಹಾಗಾಗಿ ಅದು ಸರಿಯೇ. ತೆರಿಗೆ ಬೀಳಬೇಕಾದ್ದು ಇಟ್ಟುಕೊಂಡ ಹಣದ ಮೇಲೆ ಮಾತ್ರ ಎಂಬುದನ್ನು ಗಮನಿಸಿ. ವಿದೇಶ ಪ್ಯಾಕೇಜಿನಲ್ಲಿ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ಹಿಡಿದ ಹಣ ಸರ್ಕಾರಕ್ಕೆ ಕಟ್ಟಿಯಾಗಿದ್ದರೆ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ಲೆಕ್ಕಕ್ಕೆ ತೋರಿಸಿ ವಾಪಸ್ ಪಡೆಯಬಹುದು.

ರದ್ದು ಮಾಡಲೇಬೇಕಾಗಿ ಬಂದರೆ ಫೋನಿನಲ್ಲಿ ಹೇಳಿ ಬಿಡಬೇಡಿ. ಆ್ಯಪ್‌ನಲ್ಲೇ ರದ್ದು ಮಾಡಿ, ಆ ಗಂಟೆಯ ದಾಖಲೆ ಇಟ್ಟುಕೊಳ್ಳಿ, ಹೋಟೆಲಿಗೂ ಆ್ಯಪ್‌ಗೂ ಒಂದೇ ಮೇಲ್ ಕಳಿಸಿ. ಮೇಲ್‌ನಲ್ಲಿ ಗೋಳಾಟ ಬೇಡ. ‘ಇಂಥ ದಿನ ಇಷ್ಟು ಕಟ್ಟಿದ್ದೇನೆ, ಇಂಥ ದಿನ ರದ್ದು ಮಾಡಿದ್ದೇನೆ. ನೀವು ಕಡಿತ ಮಾಡಿದ ಮೊತ್ತದಲ್ಲಿ ಯಾವುದಕ್ಕೆ ಎಷ್ಟು ಎಂಬ ವಿವರ ಕೊಡಿ. ಆ ಕೋಣೆ ಮರುಮಾರಾಟವಾಯಿತೇ ತಿಳಿಸಿ. ನಿಮಗಾದ ನಷ್ಟ ಕಳೆದು ಉಳಿದದ್ದನ್ನು ಹಿಂದಿರುಗಿಸಿ’ ಎಂದು ಬರೆದರೆ ಸಾಕು. ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವುದಕ್ಕಿಂತ ಒಂದಷ್ಟು ಹಣ ಮರಳಿಸುವುದೇ ಮೇಲು ಎಂದು ಎದುರಿನವರಿಗೆ ಅನ್ನಿಸುವುದುಂಟು. ಪ್ರತಿಯೊಂದು ಇ–ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ಜಾಲತಾಣದಲ್ಲಿ ಹಾಕಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, ತಿಂಗಳೊಳಗೆ ಪರಿಹರಿಸಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದು, ಸೇವೆಯೂ ಇಲ್ಲ ಹಣವೂ ಇಲ್ಲ ಎಂದಾದರೆ ಬ್ಯಾಂಕಿಗೆ ‘ಚಾರ್ಜ್‌ಬ್ಯಾಕ್’ ಕೇಳಿ ಬರೆಯಬಹುದು. ಅದಕ್ಕೆ ಗಡುವಿದೆ, ತಡಮಾಡಬಾರದು.

ಈ ಹಂತದಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ರೀಫಂಡ್ ತಡವಾದಾಗ ಜನ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಸಿಗುವ ನಂಬರುಗಳಲ್ಲಿ ವಂಚಕರದೂ ಇರುತ್ತವೆ. ‘ಈ ಆ್ಯಪ್ ಹಾಕಿಕೊಳ್ಳಿ, ಪರದೆ ಹಂಚಿಕೊಳ್ಳಿ, ಹಣ ಹಾಕುತ್ತೇವೆ, ಪಿನ್ ಒತ್ತಿ’ ಎನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಾಗುವುದಿಲ್ಲ. ನಂಬರನ್ನು ಬುಕಿಂಗ್ ಮೇಲ್‌ನಿಂದಲೋ ಅಧಿಕೃತ ಆ್ಯಪ್‌ನಿಂದಲೋ ಮಾತ್ರ ತೆಗೆದುಕೊಳ್ಳಿ. ಮೋಸವಾದದ್ದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ.

ಕಂಪನಿ ಜಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಇದು ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಇದಕ್ಕಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಪಡೆಯುತ್ತದೆ. ಹೆಸರು ಕೆಡುವುದು ಬೇಡವೆಂದು ಇಲ್ಲೇ ಹಣ ಮರಳಿಸುವ ಕಂಪನಿಗಳಿವೆ, ಖರ್ಚೂ ಇಲ್ಲ. ಇಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ, ಜನರ ಬಾಯಲ್ಲಿ ಗ್ರಾಹಕ ನ್ಯಾಯಾಲಯ.

ಆಯೋಗದ ಹೆಸರು ಕೇಳಿಯೇ ಹಿಂಜರಿಯುವವರಿಗೆ ಕೆಲವು ವಿಷಯ ಹೇಳಬೇಕು. ‘ಎಲ್ಲ ವ್ಯಾಜ್ಯ ಗುರುಗ್ರಾಮ ಅಥವಾ ಮುಂಬೈ ನ್ಯಾಯಾಲಯಗಳಲ್ಲಿ ಮಾತ್ರ’ ಎಂದು ಷರತ್ತಿನಲ್ಲಿ ಬರೆದಿರುತ್ತದೆ. ಗ್ರಾಹಕ ದೂರಿಗೆ ಅದು ಅಡ್ಡಿಯಾಗಬಾರದು. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗದಗದವರು ಗದಗದಲ್ಲೇ, ಚಾಮರಾಜನಗರದವರು ಚಾಮರಾಜನಗರದಲ್ಲೇ. ಈ ಬದಲಾವಣೆ ದೊಡ್ಡದು. ದೂರದ ಊರಿನ ಹೆಸರು ಹೇಳಿ ಹೆದರಿಸುವ ಕಾಲ ಇದರಿಂದ ಹೋಯಿತು. ಮಧ್ಯಸ್ಥಿಕೆಗೆ ಹೋಗಿ ಎಂಬ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚದು ಎಂದು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನದು ಜಿಲ್ಲಾ ಆಯೋಗದ ವ್ಯಾಪ್ತಿ; ಅಷ್ಟು ದೊಡ್ಡ ರಜೆ ಮಾಡುವವರು ಕಡಿಮೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇ–ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಆ್ಯಪ್ ಮತ್ತು ಹೋಟೆಲ್ ಎರಡನ್ನೂ ಎದುರುದಾರರನ್ನಾಗಿ ಮಾಡಿ. ಹೊಣೆ ಯಾರದು ಎಂದು ಅವರಿಬ್ಬರೂ ಆಯೋಗದ ಮುಂದೆಯೇ ಹೇಳಲಿ.

ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಮುಂದೂಡಿಕೆಗಳಾಗುತ್ತವೆ. ಎಂಟು ಸಾವಿರಕ್ಕಾಗಿ ಅಷ್ಟು ಅಲೆಯಬೇಕೇ ಎಂಬ ಪ್ರಶ್ನೆ ಸಹಜ, ಅದಕ್ಕೆ ಉತ್ತರ ಅವರವರದು. ಮೂಲ ಹಣದ ಜೊತೆ ಬಡ್ಡಿ, ಮಾನಸಿಕ ಕ್ಲೇಶಕ್ಕೆ ಪರಿಹಾರ, ದಾವೆಯ ಖರ್ಚು ಮೂರನ್ನೂ ಕೇಳಬಹುದು ಎಂಬುದು ತಿಳಿದಿರಲಿ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ‘ಪ್ರಕ್ರಿಯೆಯಲ್ಲಿದೆ’ ಎಂಬ ಮೆಸೇಜುಗಳನ್ನು ನಂಬಿ ಕೂತರೆ ಆ ಅವಧಿ ಕಳೆದೇ ಹೋಗುತ್ತದೆ. ಆದೇಶ ಬಂದ ಮೇಲೂ ಕಂಪನಿ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಸೆಕ್ಷನ್ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಆ ಅರ್ಜಿಯ ನೋಟಿಸ್ ಕೈಸೇರಿದ ಮೇಲೆ ಬಾಕಿ ಹಣ ಖಾತೆಗೆ ಬಂದು ಬೀಳುವುದು ಅಪರೂಪವೇನಲ್ಲ.